ಐದು ತಾಲೂಕಿನ ನಾದ, ಒಂದು ಆಲ್ಬಂ: ಹಾಡು ಕಟ್ಟುವವರಿಗೆ ಹನ್ನೆರಡು ಸೂತ್ರಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಈ ಕಡೆಯ ಹುಡುಗ ಹುಡುಗಿಯರಿಗೆ ಹಾಡು ಕಟ್ಟಲು ಬೇಕಾದ ಸಾಮಾನೆಲ್ಲ ಈಗ ಮನೆಬಾಗಿಲಿಗೇ ಬರುತ್ತದೆ. ಗಿಟಾರ್ ಕೊರಿಯರ್‌ನಲ್ಲಿ ಬರುತ್ತದೆ, ರೆಕಾರ್ಡಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಮಾಲಿ ದೇಶದ ಗಿಟಾರೂ ಕ್ಯೂಬಾದ ತಾಳವೂ ಮೊಬೈಲಿನಲ್ಲೇ ಕೇಳಿಸುತ್ತವೆ. ಕೊರತೆ ಇರುವುದು ಬೇರೆ ಕಡೆ. ದೇಶದೇಶದ ಸಂಗೀತವನ್ನೆಲ್ಲ ಬೆರೆಸಿದ ಮೇಲೂ ಈ ಹಾಡು ಯಾವ ಊರಿನದು, ಹಾಡಿದವರಿಗೆ ಹೇಳಲು ಏನಿತ್ತು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ಈ ಕೊರತೆ ಇಲ್ಲದ ಆಲ್ಬಂ ಒಂದು ನಮ್ಮ ನಾಡಿನಲ್ಲೇ ಇದೆ. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ ರಘು ದೀಕ್ಷಿತ್ 2008ರಲ್ಲಿ ತಮ್ಮ ಹೆಸರಿನಲ್ಲೇ ತಂದ ಮೊದಲ ಆಲ್ಬಂ ಅದು. ಗಿಟಾರ್, ಪಿಟೀಲು, ಬೇಸ್, ಡ್ರಮ್ಸ್ ಕೂಡಿದ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶಿಶುನಾಳ ಶರೀಫರ ಎರಡು ಪದಗಳು ಅದರಲ್ಲಿವೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಅವರ ತಂಡ ಹಾಡಿತು. 2011ರಲ್ಲಿ ಲಂಡನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆ ಅವರನ್ನು ವರ್ಷದ ಹೊಸ ಪ್ರತಿಭೆ ಎಂದು ಆರಿಸಿತು. ಶರೀಫರ ಪದವನ್ನು ಬಿಟ್ಟುಕೊಡದೆಯೇ ಆ ಆಲ್ಬಂ ಅಷ್ಟು ದೂರ ಹೋಯಿತು. ಅದು ಹೇಗೆ ಸಾಧ್ಯವಾಯಿತು, ನಮ್ಮ ಐದು ತಾಲೂಕಿನಲ್ಲಿ ಅಂಥದ್ದನ್ನು ಹೇಗೆ ಮಾಡಬಹುದು ಎಂಬುದಕ್ಕೆ ಈ ಸೂತ್ರಗಳು.

1. ಹಣೆಪಟ್ಟಿ ನೋಡಬೇಡಿ, ಕಿವಿ ತೆರೆಯಿರಿ

'ವರ್ಲ್ಡ್ ಮ್ಯೂಸಿಕ್' ಎನ್ನುವುದು 1987ರ ಬೇಸಿಗೆಯಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ ಸಣ್ಣ ಸಣ್ಣ ರೆಕಾರ್ಡ್ ಕಂಪನಿಯವರು ಕೂತು ಒಪ್ಪಿಕೊಂಡ ಮಾರಾಟದ ಹೆಸರು. ಅಂಗಡಿಯ ಕಪಾಟಿನಲ್ಲಿ ಯಾವ ರೆಕಾರ್ಡನ್ನು ಎಲ್ಲಿಡಬೇಕು ಎಂಬ ತಾಪತ್ರಯಕ್ಕೆ ಹುಟ್ಟಿದ್ದು. ನೀವು ಅದಕ್ಕೆ ತಕ್ಕಂತೆ ಹಾಡು ಕಟ್ಟಬೇಕಾಗಿಲ್ಲ.

ಬೆರಕೆ ನಮಗೆ ಹೊಸದೂ ಅಲ್ಲ. ಊರ ಗುಡಿಯ ಭಜನೆಗೆ, ಕಂಪನಿ ನಾಟಕಕ್ಕೆ ಜೀವ ಕೊಟ್ಟ ಹಾರ್ಮೋನಿಯಂ ಪೆಟ್ಟಿಗೆ 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದದ್ದು. ಅದನ್ನು ನೆಲದ ಮೇಲೆ ಕೂತು ಕೈಯಿಂದ ಗಾಳಿ ಹಾಕಿ ನುಡಿಸುವಂತೆ ಮಾಡಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಇದು ಪರದೇಶದ್ದು, ನಮ್ಮ ಸ್ವರಕ್ಕೆ ಒಗ್ಗದು ಎಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಆ ನಿಷೇಧ ಮೂವತ್ತು ವರ್ಷಕ್ಕೂ ಮೀರಿ ನಡೆಯಿತು. ಅಷ್ಟೂ ವರ್ಷ ನಮ್ಮ ಭಜನೆ ಮೇಳಗಳು ಪೆಟ್ಟಿಗೆಯನ್ನು ಬಿಡಲಿಲ್ಲ. ಇವತ್ತು ಅದನ್ನು ಪರದೇಶಿ ಎನ್ನುವವರು ಯಾರೂ ಇಲ್ಲ. ನಿಮ್ಮ ಗಿಟಾರಿಗೂ ಆ ಹಕ್ಕು ಸಿಗಬೇಕಾದರೆ ಅದು ಅಷ್ಟೇ ದುಡಿಯಬೇಕು.

2. ಮೊದಲು ಐದು ತಾಲೂಕಿನ ನಾದ ಸುತ್ತಿ ಬನ್ನಿ

ಒಂದು ಬೈಕು, ಒಂದು ನೋಟ್‌ಬುಕ್ಕು, ಒಂದು ರೆಕಾರ್ಡರ್ ಸಾಕು. ಕೂಡ್ಲಿಗಿ ಸೀಮೆಯಲ್ಲಿ ಕಾಡುಗೊಲ್ಲರ, ಮ್ಯಾಸಬೇಡರ ಹಟ್ಟಿಗಳಲ್ಲಿ ವೀರರ ಕಥನ ಹಾಡುವವರು ಸಿಗುತ್ತಾರೆ. ಉರುಮೆಯ ಆ ಉಜ್ಜುವ ದನಿಯನ್ನು ಹತ್ತಿರದಿಂದ ಕೇಳಿ. ಕೊಟ್ಟೂರಿನ ಗುರು ಬಸವೇಶ್ವರನ ತೇರಿನ ಹೊತ್ತಿಗೆ ಸಮಾಳ, ನಂದಿಕೋಲು. ಹಡಗಲಿ ತಾಲೂಕಿನ ಮೈಲಾರದಲ್ಲಿ ಕರಿ ಕಂಬಳಿಯ ಗೊರವಪ್ಪಗಳ ಡಮರುಗ, ಪಿಳ್ಳಂಗೋವಿ. ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದ ಗುಡ್ಡದಲ್ಲಿ ಹುಣ್ಣಿಮೆಗೆ ಸೇರುವ ಜೋಗತಿಯರ ಚೌಡಿಕೆ. ಹಗರಿಬೊಮ್ಮನಹಳ್ಳಿ ಕಡೆಯ ಒಕ್ಕಲು ಮಕ್ಕಳ ಹಂತಿ ಪದ. ಎಲ್ಲಾ ಕಡೆ ಇರುವ ತಾಂಡಾಗಳಲ್ಲಿ ಗೋರ್ ಬೋಲಿಯ ಲಂಬಾಣಿ ಹಾಡು. ಪೀರಲ ಹಬ್ಬ ಬಂತೆಂದರೆ ಹಿಂದೂ ಮುಸಲ್ಮಾನರೆನ್ನದೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ ಪದ. ಮೂಡಲ ಗಡಿಗೆ ಹೋದರೆ ತೆಲುಗು.

ಸಂಡೂರು ತಾಲೂಕಿನ ದರೋಜಿ ಈರಮ್ಮನವರನ್ನು ನೆನೆಯಿರಿ. ಮನೆಮಾತು ತೆಲುಗು, ಅಕ್ಷರ ಕಲಿತವರಲ್ಲ. ಆದರೂ ದೊಡ್ಡ ದೊಡ್ಡ ಬುರ್ರಕಥೆಗಳನ್ನು ನೆನಪಿನಿಂದಲೇ ಕನ್ನಡದಲ್ಲಿ ಹಾಡಿದರು; 2014ರಲ್ಲಿ ತೀರಿಕೊಂಡರು. ಅಂಥವರು ಇನ್ನೂ ಇದ್ದಾರೆ ಎಂಬ ಭರವಸೆಯ ಮೇಲೆ ಕೂರಬೇಡಿ. ಈ ವರ್ಷವೇ ಹೋಗಿ.

ಹೋದಾಗ ಮೊದಲ ದಿನ ರೆಕಾರ್ಡರ್ ತೆಗೆಯಬೇಡಿ. ಕೂತು ಕೇಳಿ, ಚಾ ಕುಡಿಯಿರಿ, ಯಾರ ಮಗ, ಯಾವೂರು ಅಂತ ಹೇಳಿ. "ಯವ್ವಾ, ನಿಮ್ಮ ಹಾಡು ಬರಕೊಂಡು ಹೋಗ್ಲಾ?" ಎಂದು ಕೇಳಿ, ಒಪ್ಪಿದರಷ್ಟೇ ಮುಂದಿನ ಮಾತು. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ಯಾವ ಹೊತ್ತಿಗೆ ಹಾಡುತ್ತಾರೆ, ಇದಿಷ್ಟನ್ನೂ ಅಲ್ಲೇ ಬರೆದುಕೊಳ್ಳಿ.

3. ಸಾಹಿತ್ಯಕ್ಕೆ ಮನೆಯೊಳಗಿನ ಸಾಮಾನು ಹಿಡಿಯಿರಿ

ಶರೀಫರು (1819–1889) ದೊಡ್ಡ ಮಾತು ಹೇಳಬೇಕಾದಾಗ ಎತ್ತಿಕೊಂಡದ್ದು ಸಣ್ಣ ಸಾಮಾನು. ಸೋರುವ ಮಾಳಿಗೆ, ಸೇದುವ ಗುಡುಗುಡಿ, ಕೋಳಿ, ಬಿದಿರು. ರಘು ದೀಕ್ಷಿತ್ ಆಲ್ಬಮಿಗೆ ಆರಿಸಿಕೊಂಡದ್ದು ಇವುಗಳಲ್ಲಿ ಮೊದಲ ಎರಡನ್ನೇ. ಮಾಳಿಗೆ ಸೋರುವುದು ಮಣ್ಣಿನ ಮನೆಯಲ್ಲಿ ಮಳೆಗಾಲ ಕಳೆದ ಯಾರಿಗಾದರೂ ಗೊತ್ತು. ಅದು ಈ ದೇಹದ ಮಾತು, ಮನದ ಅಜ್ಞಾನದ ಮಾತು ಎಂದು ಆಮೇಲೆ ಹೊಳೆಯುತ್ತದೆ. ಮೊದಲು ಮನೆ ಕಾಣಬೇಕು, ಆಮೇಲೆ ತತ್ವ. ನಮ್ಮ ಹೊಸ ಗೀತೆಗಳಲ್ಲಿ ಇದು ಅನೇಕ ಸಲ ತಿರುವುಮುರುವು: ಮೊದಲ ಸಾಲಿಗೇ ಆತ್ಮ, ಬದುಕು, ಪಯಣ. ಕಾಣುವಂಥದ್ದು ಒಂದೂ ಇಲ್ಲ.

ನಿಮ್ಮ ಸುತ್ತ ಏನಿದೆ? ನಸುಕಿನಲ್ಲೇ ಬಿಡಿಸಿ ಬಸ್ಸಿಗೆ ಹಾಕಿಕಳಿಸುವ ಹಡಗಲಿ ಮಲ್ಲಿಗೆ. ಹೂ ಸಂಜೆಗೆ ಬಾಡುತ್ತದೆ ಎಂಬ ಅವಸರ. ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ಊರುಗಳು. ನೀರು ಇಳಿದ ಬೇಸಿಗೆಯಲ್ಲಿ ಆ ಬಯಲನ್ನು ನೋಡುತ್ತ ನಿಲ್ಲುವ ಹಿರಿಯರು. ಗುಳೆ ಹೋದ ಮನೆಯ ಬೀಗ. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇಟ್ಟ ಹುತಾತ್ಮ ಸ್ಮಾರಕ. ಇವುಗಳಲ್ಲಿ ಒಂದನ್ನು ಹಿಡಿದು, ಅದರ ವಿವರದಲ್ಲೇ ಇಡೀ ಪದ ಮುಗಿಸಿ ನೋಡಿ. ಅರ್ಥ ಹೇಳುವ ಸಾಲು ಬರೆದಿದ್ದರೆ ಹೊಡೆದುಹಾಕಿ. ಪದ ಆಗಲೂ ನಿಂತಿದ್ದರೆ ಇಟ್ಟುಕೊಳ್ಳಿ.

4. ಒಂದು ಸಾಲಿಗೆ ಒಂದು ವರ್ಷದ ಬಾಳಿಕೆ ಇರಲಿ

ಭರತ ಹುಣ್ಣಿಮೆಯ ಮೇಲೆ ಮೈಲಾರದ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ನಿಂತಿರುತ್ತಾರೆ. ಉಪವಾಸವಿದ್ದ ಗೊರವಪ್ಪ ಎತ್ತರದ ಬಿಲ್ಲನ್ನು ಏರುತ್ತಾನೆ. ಮೇಲೆ ನಿಂತು "ಸದ್ದಲೇ" ಎಂದು ಒಂದು ಕೂಗು ಹಾಕುತ್ತಾನೆ. ಅಷ್ಟು ದೊಡ್ಡ ಬಯಲು ಒಮ್ಮೆಲೇ ತಣ್ಣಗಾಗುತ್ತದೆ. ಆಗ ಒಂದೇ ಸಾಲಿನ ಕಾರಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ. ಆ ನಾಲ್ಕಾರು ಮಾತನ್ನು ರೈತ ಮಳೆಗೆ ಹಚ್ಚಿಕೊಳ್ಳುತ್ತಾನೆ, ವ್ಯಾಪಾರಿ ಪೇಟೆಯ ದರಕ್ಕೆ, ರಾಜಕಾರಣಿ ಕುರ್ಚಿಗೆ. ಮುಂದಿನ ಜಾತ್ರೆಯ ತನಕ ಅದರ ಅರ್ಥ ಬಿಡಿಸುವುದು ಮುಗಿಯುವುದಿಲ್ಲ.

ಹಾಡು ಬರೆಯುವವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಡ. ಎರಡು ಸಂಗತಿ ಗಮನಿಸಿ. ಮೊದಲನೆಯದು, ಸಾಲಿಗೆ ಮುಂಚಿನ ಮೌನ. ನಿಮ್ಮ ಹಾಡಿನಲ್ಲಿ ಮುಖ್ಯ ಸಾಲು ಬರುವ ಮೊದಲು ವಾದ್ಯಗಳನ್ನು ನಿಲ್ಲಿಸಿ. ಒಂದು ಆವರ್ತ ಖಾಲಿ ಬಿಡಿ. ಎರಡನೆಯದು, ಕಾರಣಿಕದ ಮಾತು ಹೊಲಮನೆಯ ಮಾತು. ಕಬ್ಬಿಣದ ಕಡಲೆಯಲ್ಲ, ಆದರೂ ತೆರೆದ ಮಾತು. ಕೇಳಿದವರು ತಮ್ಮ ಪಾಡನ್ನು ಅದರೊಳಗೆ ಇಟ್ಟುಕೊಳ್ಳಬಹುದು. ಪ್ರತಿ ಹಾಡಿಗೂ ಅಂಥದ್ದೊಂದು ಸಾಲು ಸಿಗುವವರೆಗೆ ಸ್ಟುಡಿಯೋ ಬಾಡಿಗೆ ಕೊಡಬೇಡಿ.

5. ಲಯ ಮೊದಲು ಹಿಡಿದು, ಮಾತು ಆಮೇಲೆ ಕೂರಿಸಿ

ಅಮೆರಿಕದ ಪಾಲ್ ಸೈಮನ್ 1986ರಲ್ಲಿ ತಂದ 'ಗ್ರೇಸ್‌ಲ್ಯಾಂಡ್' ಈ ದಾರಿಯ ಅತ್ಯಂತ ಹೆಸರುವಾಸಿ ಆಲ್ಬಂ. ದಕ್ಷಿಣ ಆಫ್ರಿಕಾದ ಕಪ್ಪುಜನರ ಬಡಾವಣೆಗಳ ಸಂಗೀತವಿದ್ದ ಒಂದು ಕ್ಯಾಸೆಟ್ ಅವರ ಕಿವಿಗೆ ಬಿತ್ತು. 1985ರಲ್ಲಿ ಜೊಹಾನ್ಸ್‌ಬರ್ಗಿಗೆ ಹೋಗಿ ಅಲ್ಲಿಯ ವಾದಕರೊಂದಿಗೆ ಲಯ, ನುಡಿಸಾಣಿಕೆ ಮೊದಲು ರೆಕಾರ್ಡ್ ಮಾಡಿಕೊಂಡರು. ಊರಿಗೆ ಮರಳಿ ಅದನ್ನೇ ಮತ್ತೆ ಮತ್ತೆ ಕೇಳುತ್ತ ಮಾತು ಬರೆದರು. ಮುರಿದ ಮದುವೆ, ನಡುವಯಸ್ಸಿನ ತಳಮಳ, ಎಲ್ಲವೂ ಆ ಕುಣಿಯುವ ಲಯದ ಮೇಲೆ ಬಂದು ಕೂತವು. ಅಳುವ ಮಾತಿಗೆ ಅಳುವ ರಾಗವೇ ಬೇಕಿಲ್ಲ ಎಂಬುದು ಆ ಆಲ್ಬಮಿನ ದೊಡ್ಡ ಕಾಣ್ಕೆ ಎಂದು ನಾನು ತಿಳಿದಿದ್ದೇನೆ.

ನಮ್ಮಲ್ಲಿ ಇದನ್ನು ಹಂತಿ ಪದದಿಂದ ಶುರುಮಾಡಿ. ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತು ಸುತ್ತುತ್ತವೆ, ಹೊಡೆಯುವವನು ಹಾಡುತ್ತಾನೆ. ಒಬ್ಬ ಸಾಲು ಎತ್ತಿ ಎಳೆದು ಬಿಡುತ್ತಾನೆ. ಇನ್ನೊಬ್ಬ ಅದರ ಬಾಲ ಹಿಡಿದು ಮೇಲೆತ್ತುತ್ತಾನೆ. ತಾಳ ಹಾಕುವವರಿಲ್ಲ, ಎತ್ತಿನ ಕೊರಳ ಗೆಜ್ಜೆಯೇ ಲೆಕ್ಕ. ಎತ್ತು ತಿರುವಿನಲ್ಲಿ ನಿಧಾನವಾದರೆ ಹಾಡೂ ನಿಧಾನವಾಗುತ್ತದೆ. ಈಗ ಒಕ್ಕಲು ಯಂತ್ರ ಬಂದು ಕಣವೇ ಹೋಗಿದೆ, ಪದ ಹಿರಿಯರ ನೆನಪಿನಲ್ಲಿದೆ. ಆ ಎಳೆತವನ್ನು ಬೇಸ್ ಗಿಟಾರಿನ ಒಂದೇ ಸ್ವರದ ಮೇಲೆ ಹಿಡಿದು ನೋಡಿ. ಸಹಾರಾ ಮರುಭೂಮಿಯ ಟುವಾರೆಗ್ ಗಿಟಾರ್ ಬ್ಯಾಂಡುಗಳ ಹಾಡು ಕೇಳಿದವರಿಗೆ ಎರಡರ ನಡಿಗೆಯೂ ಹತ್ತಿರದ್ದು ಅನ್ನಿಸುತ್ತದೆ.

6. ಚೌಡಿಕೆಗೆ ಗಿಟಾರ್ ಹೊಂದಬೇಕು, ಗಿಟಾರಿಗೆ ಚೌಡಿಕೆಯಲ್ಲ

ಈ ಸೂತ್ರಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು, ಯಾಕೆಂದರೆ ಆಲ್ಬಂ ಕೆಡುವುದು ಬಹುತೇಕ ಇಲ್ಲಿಯೇ.

ಚೌಡಿಕೆಯನ್ನು ಕೈಯಲ್ಲಿ ಹಿಡಿದು ನೋಡಿ. ಮರದ ಟೊಳ್ಳು ಕೊಳಗ, ಒಂದು ಬಾಯಿಗೆ ಚರ್ಮ. ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ, ಪಕ್ಕಕ್ಕೆ ನಿಂತ ಕೋಲಿನ ತುದಿಗೆ ಹೋಗಿ ಬಿಗಿಯುತ್ತದೆ. ಕೊಳಗವನ್ನು ಬಗಲಲ್ಲಿ ಇರುಕಿಕೊಂಡು ಕಡ್ಡಿಯಿಂದ ಮೀಟುತ್ತಾರೆ. ತಂತಿಯೂ ಚರ್ಮವೂ ಒಟ್ಟಿಗೆ ನುಡಿಯುವುದರಿಂದ ಸ್ವರವೂ ಪೆಟ್ಟೂ ಬೇರೆಬೇರೆಯಲ್ಲ. ಕೈ ಬಿಗಿ ಮಾಡಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಆ ಜಾರುವಿಕೆಯೇ ಅದರ ಸೊಗಸು. ಇದನ್ನು ಕೀಬೋರ್ಡಿನ ಸ್ಥಿರ ಸ್ವರಕ್ಕೆ ತಿದ್ದಲು ಹೋದರೆ ಚೌಡಿಕೆ ಸತ್ತಂತೆ.

ಹಾಗಾಗಿ ಮೊದಲು ಹಾಡುವವರನ್ನು ಅವರದೇ ಶ್ರುತಿಯಲ್ಲಿ, ಅವರದೇ ವೇಗದಲ್ಲಿ ಹಾಡಲು ಬಿಡಿ. ಕಿವಿಗೆ ಹೆಡ್‌ಫೋನ್ ತುರುಕಿ ಕ್ಲಿಕ್ ಕೇಳಿಸಬೇಡಿ. ಚೌಡಿಕೆ ಪದ ನಿಧಾನ ಶುರುವಾಗಿ ಕೊನೆಗೆ ಓಡುತ್ತದೆ. ಸಾಫ್ಟ್‌ವೇರಿನ ತಾಳದ ಗೆರೆಗಳನ್ನು ನೀವೇ ಕೂತು ಆ ಓಟಕ್ಕೆ ಹೊಂದಿಸಿ, ಡ್ರಮ್ಸ್ ಆಮೇಲೆ ಸೇರಿಸಿ. ಶ್ರುತಿ ಎರಡು ಮನೆಗಳ ನಡುವೆ ಸಿಕ್ಕಿದ್ದರೆ ಗಿಟಾರಿನ ತಂತಿಗಳನ್ನೇ ಅಷ್ಟು ಏರಿಸಿ ಇಲ್ಲವೇ ಇಳಿಸಿ. ಆಟೋಟ್ಯೂನ್ ಮುಟ್ಟಲೇಬೇಡಿ.

ಮೈಕು ಚರ್ಮಕ್ಕೆ ನೇರ ಎದುರು ಬೇಡ. ಒಂದೂವರೆ ಅಡಿ ದೂರ, ಕೊಂಚ ಓರೆಯಾಗಿ ಇಡಿ. ಹಾಡುವ ಬಾಯಿಗೆ ಇನ್ನೊಂದು ಮೈಕು. 48 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲು. ಫ್ಯಾನ್ ಬಂದ್, ಮೊಬೈಲ್ ಏರೋಪ್ಲೇನ್ ಮೋಡಿನಲ್ಲಿ. ಕಾಂಕ್ರೀಟ್ ಕೋಣೆ ಮಾರ್ದನಿಸುತ್ತದೆ. ಜೋಳದ ಚೀಲ ಪೇರಿಸಿದ ಕೋಣೆಯೋ, ಕೌದಿ ಹಾಕಿದ ಪಡಸಾಲೆಯೋ ಎಷ್ಟೋ ವಾಸಿ. ಕೊನೆಯ ಮಾಸ್ಟರಿಂಗಿನಲ್ಲಿ ಗದ್ದಲ ಏರಿಸಲು ಹೋಗಬೇಡಿ. ಸ್ಪಾಟಿಫೈ ಮುಂತಾದವು ಜೋರಾದ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ದನಿಯ ಜೋರಿನ ಅಳತೆ) ಆಸುಪಾಸಿಗೆ ತಾವೇ ಇಳಿಸಿ ಹಾಕುತ್ತವೆ. ಒತ್ತಿ ಒತ್ತಿ ಜೋರು ಮಾಡಿದ ಹಾಡು ಅಲ್ಲಿ ಚಪ್ಪಟೆಯಾಗಿ ಕೇಳುತ್ತದೆ.

7. ಒಂದು ಹಾಡಿಗೆ ಒಬ್ಬನೇ ಅತಿಥಿ

ಪರದೇಶದ ವಾದ್ಯ, ಪರದೇಶದ ತಾಳ, ಒಂದು ಹಾಡಿಗೆ ಒಂದು. ಅದು ಯಾಕೆ ಬಂತು ಎಂದು ಒಂದು ವಾಕ್ಯದಲ್ಲಿ ಹೇಳಲು ಬಾರದಿದ್ದರೆ ತೆಗೆದುಬಿಡಿ.

8. ಆಡುವ ಭಾಷೆಯಲ್ಲೇ ಹಾಡಿ

ರಘು ದೀಕ್ಷಿತ್ ಆಲ್ಬಂ ಮೂರು ಭಾಷೆಯಲ್ಲಿದೆ, ಯಾರೂ ಅದನ್ನು ಬೆರಕೆ ಎಂದು ತಳ್ಳಲಿಲ್ಲ. ಬೆಂಗಳೂರಿನ 'ಸ್ವರಾತ್ಮ' ತಂಡ 2009ರ ತನ್ನ ಮೊದಲ ಆಲ್ಬಮಿನಲ್ಲಿ ಹಿಂದಿಯ ಜೊತೆ ಕನ್ನಡ ಇಟ್ಟಿತು. ಕಾವೇರಿ ನೀರಿನ ಜಗಳವನ್ನೇ ವಸ್ತುವಾಗಿಸಿ ಹಾಡಿತು. ನಮ್ಮ ಸೀಮೆಯಲ್ಲಿ ಬೆಳೆದವರ ಬಾಯಲ್ಲಿ ಕನ್ನಡ, ಉರ್ದು, ತೆಲುಗು, ಗೋರ್ ಬೋಲಿ ಎಲ್ಲ ಹೊರಳುತ್ತವೆ. ತಾಂಡಾದ ಹುಡುಗಿ ಮೊದಲ ನುಡಿಯನ್ನು ಗೋರ್ ಬೋಲಿಯಲ್ಲಿ ಎತ್ತಿ, ಪಲ್ಲವಿಗೆ ಕನ್ನಡಕ್ಕೆ ಬರಲಿ. ಆಕೆ ದಿನವೂ ಮಾಡುವುದೇ ಅದು.

ಒಂದೇ ಎಚ್ಚರ. ಬೆಂಗಳೂರಿನ ಸಿನಿಮಾ ಕನ್ನಡದ ಉಚ್ಚಾರಕ್ಕೆ ನಿಮ್ಮ ಬಾಯನ್ನು ತಿದ್ದಿಕೊಳ್ಳಬೇಡಿ. "ಹೋಗ್ಯಾನ", "ಬಂದಾಳ" ಎನ್ನುವ ಬಾಯಿ "ಹೋಗಿದ್ದಾನೆ", "ಬಂದಿದ್ದಾಳೆ" ಎಂದು ಹಾಡತೊಡಗಿದರೆ ಲಯವೇ ಸಡಿಲವಾಗುತ್ತದೆ. ಶರೀಫರ ಪದ ನಿಂತಿರುವುದೇ ಮಾಳಿಗೆಯಲ್ಲಲ್ಲ, 'ಮಾಳಿಗಿ'ಯಲ್ಲಿ.

9. ನೋವನ್ನು ಅಲಂಕಾರಕ್ಕೆ ಬಳಸಬೇಡಿ

ಚೌಡಿಕೆಯ ಹಿಂದೆ ದೇವದಾಸಿ ಪದ್ಧತಿಯ ಇತಿಹಾಸವಿದೆ. ಈ ತಾಲೂಕುಗಳ ಎಷ್ಟೋ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ಬಿಟ್ಟಿದ್ದಾರೆ. ಕರ್ನಾಟಕ ಸರ್ಕಾರ 1982ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ತಂದಿತು. ಅರಿಶಿನ ಬಳಿದುಕೊಂಡ ಮುಖ, ಬೆಂಕಿಯ ಬೆಳಕು, ನಿಧಾನ ಚಲನೆಯ ವಿಡಿಯೋ ಇಟ್ಟು 'ನಿಗೂಢ' ಎಂದು ಮಾರುವುದು ಆ ಹೆಣ್ಣುಮಕ್ಕಳಿಗೆ ಮಾಡುವ ಎರಡನೇ ಅನ್ಯಾಯ. ಹಾಡಿನ ಬಲವನ್ನು ತೋರಿಸಿ, ಹಾಡುವವಳ ಮಾತಿಗೆ ಜಾಗ ಕೊಡಿ, ಆಕೆ ಬೇಡ ಎಂದ ಪದವನ್ನು ಬಿಟ್ಟುಬಿಡಿ.

ಜೋಗತಿ ಪರಂಪರೆಯನ್ನು ಮರ್ಯಾದೆಯಿಂದ ವೇದಿಕೆಗೆ ತರುವುದು ಹೇಗೆ ಎಂಬುದಕ್ಕೆ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ಬದುಕೇ ಇದೆ. ಕಾಳವ್ವ ಜೋಗತಿಯವರ ಬಳಿ ಕಲಿತು, ಊರೂರು ಸುತ್ತಿ ಹಾಡಿ ಕುಣಿದು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಪ್ರದರ್ಶನ ನೋಡದೆ ಜೋಗತಿ ಹಾಡಿಗೆ ಗಿಟಾರ್ ಸೇರಿಸಲು ಹೊರಡಬೇಡಿ.

ಗುಳೆಯ ವಿಷಯಕ್ಕೂ ಇದೇ ಮಾತು. ಕಾಫಿ ತೋಟಕ್ಕೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿಬಂದವರ ಹತ್ತಿರ ಕೂತು ಕೇಳಿ ಬರೆಯಿರಿ. ಅವರ ಕಷ್ಟ ನಿಮ್ಮ ಹಾಡಿಗೆ ಬಣ್ಣವಾಗಬಾರದು.

10. ಹೆಸರು, ಹಣ, ಹಕ್ಕು: ಮೂರನ್ನೂ ಕಾಗದದ ಮೇಲೆ ಬರೆಯಿರಿ

'ಗ್ರೇಸ್‌ಲ್ಯಾಂಡ್' ಕೋಟಿಗೂ ಹೆಚ್ಚು ಪ್ರತಿ ಖರ್ಚಾಯಿತು, 1987ರಲ್ಲಿ ವರ್ಷದ ಆಲ್ಬಂ ಎಂದು ಗ್ರ್ಯಾಮಿ ಪಡೆಯಿತು. ಸೈಮನ್ ಜೊಹಾನ್ಸ್‌ಬರ್ಗಿನ ವಾದಕರಿಗೆ ನ್ಯೂಯಾರ್ಕಿನ ದರದ ಮೂರು ಪಟ್ಟು ಕೊಟ್ಟರು. ಜೋಸೆಫ್ ಶಬಲಾಲಾ ಮುಂತಾದವರ ಹೆಸರನ್ನು ರಚನಕಾರರ ಸಾಲಿನಲ್ಲಿ ಸೇರಿಸಿದರು. ಹಾಗಿದ್ದೂ ವರ್ಣಭೇದದ ವಿರುದ್ಧದ ಸಾಂಸ್ಕೃತಿಕ ಬಹಿಷ್ಕಾರ ಮುರಿದರು ಎಂಬ ಆರೋಪ ಅವರ ಬೆನ್ನು ಬಿಡಲಿಲ್ಲ. ಕೊನೆಯ ಹಾಡಿನಲ್ಲಿ ನುಡಿಸಿದ ಲಾಸ್ ಲೋಬೋಸ್ ತಂಡದವರು ರಚನೆಯಲ್ಲಿ ನಮಗೆ ಪಾಲು ಸಿಗಲಿಲ್ಲ ಎಂದು ಆಮೇಲೆ ಹೇಳಿದರು. ಒಳ್ಳೆಯ ಮನಸ್ಸು ಸಾಲದು, ಮೊದಲೇ ಮಾತು ಮುಗಿಸಿರಬೇಕು.

ನಿಮಗೆ ಬೇಕಾದ ಕಾನೂನು ಇಷ್ಟು. ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರದು. ಬರೆದವರು, ರಾಗ ಹಾಕಿದವರು ತೀರಿದ ಮೇಲೂ 60 ವರ್ಷ ಅವರ ಹಕ್ಕು ಉಳಿಯುತ್ತದೆ. ಶರೀಫರ ಪದಗಳು ಎಲ್ಲರವು. ಆದರೆ ಅದೇ ಪದಕ್ಕೆ ಸಿ. ಅಶ್ವಥ್ ಹಾಕಿದ ರಾಗ ಎಲ್ಲರದಲ್ಲ. ಅವರು ತೀರಿಕೊಂಡದ್ದು 2009ರಲ್ಲಿ. ಸಾಹಿತ್ಯ ಹಳೆಯದೆಂದು ರಾಗವನ್ನೂ ಎತ್ತಿಕೊಂಡು ಸಿಕ್ಕಿಬೀಳಬೇಡಿ, ಅನುಮತಿ ಪಡೆಯಿರಿ ಇಲ್ಲವೇ ಸ್ವಂತ ರಾಗ ಕಟ್ಟಿ. 2012ರ ತಿದ್ದುಪಡಿಯ ಪ್ರಕಾರ ಸಾಹಿತಿ, ಸಂಗೀತಗಾರರು ತಮ್ಮ ರಾಯಧನದ ಪಾಲನ್ನು ಕಂಪನಿಗೆ ಬರೆದುಕೊಡುವಂತಿಲ್ಲ. ಆದ್ದರಿಂದ ಯಾರಾದರೂ 'ಎಲ್ಲ ಹಕ್ಕೂ ನಮಗೇ' ಎಂಬ ಕಾಗದ ಮುಂದಿಟ್ಟರೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ. ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯಲ್ಲಿ ಸದಸ್ಯರಾಗಿ. ಪ್ರತಿ ಹಾಡಿಗೂ ಹನ್ನೆರಡು ಅಕ್ಷರ–ಅಂಕಿಯ ಐಎಸ್ಆರ್‌ಸಿ ಸಂಖ್ಯೆ ಪಡೆಯಿರಿ, ಎಲ್ಲಿ ಎಷ್ಟು ಸಲ ಕೇಳಿದರು ಎಂಬ ಲೆಕ್ಕ ಅದರ ಮೇಲೆಯೇ ನಡೆಯುವುದು.

ಜನಪದ ಹಾಡುಗಾರರ ವಿಷಯದಲ್ಲಿ ಕಾನೂನು ಸಾಲದು. ಪದ 'ಪರಂಪರೆಯದು' ಎಂದು ಬರೆದು ಕೈತೊಳೆದುಕೊಳ್ಳಬಹುದು. ಹಾಗೆ ಮಾಡಬೇಡಿ. ರೆಕಾರ್ಡಿಂಗ್ ದಿನಕ್ಕೆ ನಗದು, ಹೋಗಿಬರುವ ಖರ್ಚು, ಆ ದಿನ ತಪ್ಪಿದ ಕೂಲಿ. ಇದರ ಮೇಲೆ ಆ ಹಾಡಿನಿಂದ ಬಂದದ್ದರಲ್ಲಿ ಪಾಲು ಎಷ್ಟು ಎಂದು ಕನ್ನಡದಲ್ಲಿ ಬರೆದು, ಓದಿ ಹೇಳಿ, ಅವರ ಮನೆಯವರ ಎದುರು ಸಹಿಯೋ ಹೆಬ್ಬೆಟ್ಟೋ ತೆಗೆದುಕೊಂಡು, ಒಂದು ಪ್ರತಿ ಅವರಲ್ಲೇ ಬಿಡಿ. ಆಲ್ಬಮಿನ ಮೇಲೆ ಅವರ ಹೆಸರು, ಊರಿನ ಹೆಸರು ನಿಮ್ಮ ಹೆಸರಿನಷ್ಟೇ ದಪ್ಪಕ್ಷರದಲ್ಲಿ.

11. ಎಂಟು ಹಾಡು ಸಾಕು, ಕಾಯುವ ತಾಳ್ಮೆ ಬೇಕು

ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಎಂದು ಹೆಸರಾದ, ನಿಸಾರ್ ಅಹಮದರ 'ನಿತ್ಯೋತ್ಸವ' 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದಾಗ ಜನ ಅದನ್ನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿದರು. ಇವತ್ತು ಬಿಡಿಬಿಡಿಯಾಗಿ ಕೇಳುತ್ತಾರೆ. ಹಾಗಿದ್ದೂ ಆಲ್ಬಂ ಮಾಡಿ, ಯಾಕೆಂದರೆ ಒಂದೇ ಯೋಚನೆಯನ್ನು ಎಂಟು ಬದಿಯಿಂದ ನೋಡಲು ಬೇರೆ ದಾರಿಯಿಲ್ಲ. ಬಿಡುಗಡೆಯನ್ನು ಬೇಕಾದರೆ ತಿಂಗಳಿಗೊಂದರಂತೆ ಮಾಡಿ. ಕೊಟ್ಟೂರು, ಮೈಲಾರದ ಜಾತ್ರೆಗಳು ಚಳಿಗಾಲದ ಕೊನೆಗೆ ಬರುತ್ತವೆ. ಮೊದಲ ಹಾಡು ಅದಕ್ಕೂ ಒಂದು ತಿಂಗಳು ಮುಂಚೆ ಹೊರಬಂದಿರಲಿ.

ತಾಳ್ಮೆಯ ಮಾತು: ರಘು ದೀಕ್ಷಿತ್ 'ಅಂತರಾಗ್ನಿ' ತಂಡ ಕಟ್ಟಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಕಂಪನಿಗಳು ವರ್ಷಗಟ್ಟಲೆ ಬೇಡವೆಂದವು. ಕೊನೆಗೆ ಮುಂಬೈಯಲ್ಲಿ ಅವರು ಹಾಡುವುದನ್ನು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ತಮ್ಮದೇ ಸಂಸ್ಥೆಯಿಂದ ಆಲ್ಬಂ ತಂದರು. ಆ ನಡುವಿನ ವರ್ಷಗಳಲ್ಲಿ ಅವರು ಹಾಡುವುದನ್ನು ನಿಲ್ಲಿಸಿರಲಿಲ್ಲ, ಹಾಗಾಗಿಯೇ ಕೇಳುವವರು ಬಂದಾಗ ಹಾಡು ಮಾಗಿತ್ತು. ಸಿ. ಅಶ್ವಥ್ ಕೂಡ ಬೆಂಗಳೂರಿನ ಐಟಿಐ ಕಾರ್ಖಾನೆಯ ಕೆಲಸ ಇಟ್ಟುಕೊಂಡೇ ದಶಕಗಳ ಕಾಲ ಸಂಗೀತ ಮಾಡಿದವರು. ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಬೆಂಗಳೂರಿನ ಅರಮನೆ ಮೈದಾನ ತುಂಬಿದ್ದು 2005ರಲ್ಲಿ, ಅವರಿಗೆ ಅರವತ್ತೈದು ದಾಟಿದ ಮೇಲೆ. ನೌಕರಿ ಬಿಟ್ಟರೇ ಕಲಾವಿದ ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಮಾಗಿಸಲು ಜಾಗ ಇಲ್ಲೇ ಇವೆ. ಎಂ.ಪಿ. ಪ್ರಕಾಶ್ ಕಟ್ಟಿ ಬೆಳೆಸಿದ ರಂಗಭಾರತಿಯಿಂದಾಗಿ ಹಡಗಲಿಗೆ ನಾಟಕ ನೋಡಿ ಹದಗೊಂಡ ಪ್ರೇಕ್ಷಕರಿದ್ದಾರೆ. ಮರಿಯಮ್ಮನಹಳ್ಳಿಯಂತೂ ರಂಗಭೂಮಿಯ ಊರು. ಹೊಸಪೇಟೆ ಆಕಾಶವಾಣಿಯ ಧ್ವನಿಪರೀಕ್ಷೆಗೆ ಅರ್ಜಿ ಹಾಕಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಈ ಭಾಗದ ಮೌಖಿಕ ಕಾವ್ಯಗಳ ಮೇಲೆ ನಡೆದ ಕೆಲಸ ಪುಸ್ತಕಗಳಾಗಿ ಬಂದಿದೆ, ಹೋಗಿ ಓದಿ. ಹಾಡನ್ನು ಮೊದಲು ಹಾಡಬೇಕಾದ್ದು ನೀವು ಪದ ಕಲಿತ ಊರಿನಲ್ಲೇ. ಅಲ್ಲಿಯ ಹಿರಿಯರು ಮಧ್ಯದಲ್ಲಿ ಎದ್ದು "ತಮ್ಮಾ, ಈ ನುಡಿ ಹಿಂಗಲ್ಲ" ಎಂದರೆ ತಿದ್ದಿಕೊಳ್ಳಿ. ಎದ್ದು ಹೋದರೆ ಆ ಹಾಡಿನ ಜೋಡಣೆಯನ್ನು ಮತ್ತೆ ಮೊದಲಿನಿಂದ ಮಾಡಿ.

12. ಎರಡನೇ ಆಲ್ಬಮಿನ ಬೀಜ ಈಗಲೇ ಎತ್ತಿಡಿ

ರಘು ದೀಕ್ಷಿತ್ ಅವರ ಎರಡನೇ ಆಲ್ಬಂ 'ಜಗ್ ಚಂಗಾ' ಬಂದದ್ದು 2013ರಲ್ಲಿ, ಮೊದಲನೆಯದು ಬಂದ ಐದು ವರ್ಷಕ್ಕೆ. ಅಲ್ಲಿಯೂ ಶರೀಫರಿದ್ದಾರೆ. ಶರೀಫರ ದಾರಿಯಲ್ಲಿ ಈಗ ಬೇಕಾದಷ್ಟು ಜನ ನಡೆದಿದ್ದಾರೆ. ನಮ್ಮ ಸೀಮೆಯವರು ಇನ್ನೊಂದು ಹೆಸರು ಎತ್ತಿಕೊಳ್ಳಲಿ ಎಂಬುದು ನನ್ನ ಆಸೆ: ಹರಪನಹಳ್ಳಿ ಭೀಮವ್ವ. ಹತ್ತೊಂಬತ್ತನೇ ಶತಮಾನದ ಈ ಹರಿದಾಸಿ 'ಭೀಮೇಶಕೃಷ್ಣ' ಎಂಬ ಅಂಕಿತದಲ್ಲಿ ರಚಿಸಿದ ಪದಗಳು ಹೆಂಗಸರ ಹಾಡಿನ ಪುಸ್ತಕಗಳಲ್ಲಿ, ಹಬ್ಬದ ದಿನದ ಆರತಿಯ ಹೊತ್ತಿನಲ್ಲಿ ಉಳಿದುಬಂದಿವೆ. ಮನೆಯೊಳಗೆ, ಹೆಣ್ಣುದನಿಗೆ, ವಾದ್ಯದ ಹಂಗಿಲ್ಲದೆ ಹುಟ್ಟಿದ ಪದಗಳು. ಅವಕ್ಕೆ ಡ್ರಮ್ಸ್ ಬೇಡ. ಒಂದು ತಂಬೂರಿ, ಒಂದು ಚೆಲ್ಲೋ, ಒಬ್ಬ ಹಾಡುಗಾರ್ತಿ. ಈ ಪದಗಳನ್ನು ಬಾಯಿಪಾಠ ಬಲ್ಲ ಅಜ್ಜಿಯರು ಹರಪನಹಳ್ಳಿ, ಹಡಗಲಿಯ ಮನೆಗಳಲ್ಲಿ ಸಿಗುತ್ತಾರೆ. ಮುಂದಿನ ಶ್ರಾವಣದ ಶುಕ್ರವಾರಗಳಲ್ಲಿ ಆ ಮನೆಗಳಿಗೆ ಹೋಗಲು ಈಗಲೇ ಕೇಳಿಕೊಂಡು ಬನ್ನಿ.